ಹತ್ತು, ಒಂಬತ್ತು, ಎಂಟು



ರೈಲು ನಿಲ್ದಾಣಗಳ ಗೋಡೆಯ ಮೇಲೆ 1098 ಎಂಬ ಸಂಖ್ಯೆಯನ್ನು ನೀವು ನೋಡಿರುತ್ತೀರಿ. ಅದು ಕಷ್ಟದಲ್ಲಿರುವ ಮಕ್ಕಳ ಸಹಾಯವಾಣಿ. ಕರೆಗೆ ಕಾಸು ಬೇಡ. ಮುಂಬಯಿಯ ಮಕ್ಕಳು ಅದನ್ನು ಓದುವುದು ‘ದಸ್, ನೌ, ಆಠ್’ ಎಂದು. ಹತ್ತು, ಒಂಬತ್ತು, ಎಂಟು. ಅಕ್ಷರ ಬಾರದ ಮಗುವೂ ನೆನಪಿಡಬಹುದಾದ ಇಳಿಲೆಕ್ಕ.

ಇದು ಹುಟ್ಟಿದ್ದು ಮುಂಬಯಿಯಲ್ಲೇ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಜೆರೂ ಬಿಲಿಮೋರಿಯಾ ಅವರು ಬೀದಿ ಮಕ್ಕಳಿಗೆ ತಮ್ಮದೇ ಫೋನ್ ನಂಬರು ಕೊಟ್ಟಿದ್ದರು. ರಾತ್ರಿ ಹೊತ್ತಿನಲ್ಲೂ ಕರೆಗಳು ಬರತೊಡಗಿದವು. ಮಕ್ಕಳಿಗೆ ಯಾವ ಹೊತ್ತಿನಲ್ಲೂ ಓಗೊಡುವ ಒಂದು ದನಿ ಬೇಕಿತ್ತು. 1996ರಲ್ಲಿ ಆ ಸಂಸ್ಥೆಯ ಯೋಜನೆಯಾಗಿ ಚೈಲ್ಡ್‌ಲೈನ್ ಶುರುವಾಯಿತು. ಮೊದಮೊದಲು ಫೋನ್ ಎತ್ತಿದವರಲ್ಲಿ ಬೀದಿಯಲ್ಲೇ ಬೆಳೆದ ಹುಡುಗ ಹುಡುಗಿಯರೂ ಇದ್ದರು. ಆಚೆ ಕಡೆಯ ಅಳುವಿನ ಅರ್ಥ ಅವರಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ಮುಂದೆ ಸೇವೆ ದೇಶದ ಊರೂರಿಗೆ ಹರಡಿತು. 2023ರಲ್ಲಿ ಇದರ ಹೊಣೆ ರಾಜ್ಯ ಸರ್ಕಾರಗಳ ಕೈಗೆ ಬಂದು, 112 ತುರ್ತು ಸೇವೆಯೊಂದಿಗೆ ಜೋಡಣೆಯಾಯಿತು. ನಂಬರು ಮಾತ್ರ ಅದೇ.

ಮುಂಬಯಿ ಕನ್ನಡಿಗರಿಗೆ ಇಂಥ ಸೇವೆ ಹೊಸದಲ್ಲ. ಊರು ಬಿಟ್ಟು ಬಂದು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ನಮ್ಮ ಸಂಘಗಳು ರಾತ್ರಿ ಶಾಲೆ ನಡೆಸಿದ್ದು ಇದೇ ನಗರದಲ್ಲಿ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ ಮತ್ತು ಮನೆಗೆಲಸಕ್ಕೆ ಹದಿನಾಲ್ಕು ತುಂಬದ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಆದರೂ ಊರು ಬಿಟ್ಟು ರೈಲು ಹತ್ತುವ ಮಕ್ಕಳು ಇಂದಿಗೂ ಇದ್ದಾರೆ.

ಈಗ ಯೋಚಿಸಿ. ರಾಯಚೂರಿನ ಕಡೆಯಿಂದ ಬಂದ ಮಗುವೊಂದು ಪರಭಾಷೆಯ ಊರಿನಲ್ಲಿ ಅಧಿಕಾರಿಗಳ ಮುಂದೆ ಕೂತಿದೆ. ಅದಕ್ಕೆ ಬರುವುದು ಕನ್ನಡವೊಂದೇ. ಅದರ ಮಾತು ಯಾರಿಗೂ ತಿಳಿಯದಿದ್ದರೆ ಊರು ಯಾವುದು, ಆದದ್ದೇನು, ಮನೆಗೆ ಮರಳಲು ಹೆದರಿಕೆ ಯಾಕೆ, ಒಂದೂ ದಾಖಲಾಗದು.

ನಾವು ಬೇಕಾಗಿರುವುದು ಅಲ್ಲಿಯೇ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 2020ರ ನಿಯಮಗಳಂತೆ, ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಅನುವಾದಕರ ಪಟ್ಟಿ ಇಡಬೇಕು. ಮಗುವಿನ ಭಾಷೆ ನಿಮ್ಮ ತಾಯ್ನುಡಿಯಾಗಿದ್ದು, ಆ ರಾಜ್ಯದ ಆಡಳಿತ ಭಾಷೆಯ ಬಳಕೆಯೂ ಗೊತ್ತಿದ್ದರೆ ನೀವು ಅದಕ್ಕೆ ಹೆಸರು ಕೊಡಬಹುದು. ಒಂದು ಕಟ್ಟುನಿಟ್ಟು: ಮಗು ಹೇಳಿದ್ದಕ್ಕೆ ಏನನ್ನೂ ಕೂಡಿಸಬಾರದು, ಏನನ್ನೂ ಕಳೆಯಬಾರದು.

ಅಷ್ಟು ಬಿಡುವಿಲ್ಲದವರು ನಿಮ್ಮ ಬಡಾವಣೆಯ ಮಕ್ಕಳ ಸಂಸ್ಥೆಯನ್ನು ಕೇಳಿ, ವಾರಕ್ಕೊಂದು ಗಂಟೆ ಕಥೆ ಹೇಳಿ, ಲೆಕ್ಕ ಕಲಿಸಿ. ಒಪ್ಪಿಕೊಂಡ ಗಂಟೆಯನ್ನು ಮಾತ್ರ ತಪ್ಪಿಸಬೇಡಿ. ಕಾದು ನಿರಾಶರಾಗುವುದು ಆ ಮಕ್ಕಳಿಗೆ ಮೊದಲೇ ಅಭ್ಯಾಸವಾಗಿರುತ್ತದೆ.

ದಿಕ್ಕಿಲ್ಲದೆ ನಿಂತ ಮಗು ಕಂಡರೆ ಫೋಟೋ ತೆಗೆದು ಹಂಚಬೇಡಿ, ಮನೆಗೂ ಕರೆದೊಯ್ಯಬೇಡಿ. ಪಕ್ಕದಲ್ಲಿ ನಿಂತು 1098ಕ್ಕೆ ಕರೆ ಮಾಡಿ. ಬರುವವರೆಗೆ ಕನ್ನಡದಲ್ಲಿ ಕೇಳಿ ನೋಡಿ: “ಊಟ ಆಯ್ತಾ ಪುಟ್ಟಾ?”

ಸ್ಟುಡಿಯೋದಲ್ಲಿ ಕೂತು ಮಾತಾಡುವುದು ನನ್ನ ಕೆಲಸ, ಕೇಳುವುದು ನಿಮ್ಮ ರೂಢಿ. ಆ ಕಿವಿಯನ್ನು ಇನ್ನೂ ಸ್ವಲ್ಪ ದೂರಕ್ಕೆ ಚಾಚೋಣ ಬನ್ನಿ.