ಘಟಪ್ರಭಾ ಬಯಲಿನ ಕಟ್ಟುಹಾವು: ಗುರುತಿಸುವಿಕೆಯ ಕೆಲವು ತೊಡಕುಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನೀರಾವರಿ ಹೊಲಗಳಲ್ಲಿ ಹಾವಿಗೆ ಬೇಕಾದುದೆಲ್ಲ ಇದೆ. ಕಬ್ಬಿನ ರವದಿಯಲ್ಲಿ ಇಲಿ, ಕಾಲುವೆಯಲ್ಲಿ ಕಪ್ಪೆ, ಬದುವಿನ ಕಲ್ಲುಗಳ ನಡುವೆ ಬಿಲ. ಕಬ್ಬು ಕಡಿಯಲು ಬಂದ ಗ್ಯಾಂಗಿನವರು ಅದೇ ಹೊಲದಂಚಿನ ಗುಡಿಸಲುಗಳಲ್ಲಿ ನೆಲದ ಮೇಲೆ ಮಲಗುತ್ತಾರೆ. ಕಟ್ಟುಹಾವು ರಾತ್ರಿಸಂಚಾರಿ. ಅದರ ಕಡಿತದಲ್ಲಿ ನೋವೂ ಬಾವೂ ತೀರ ಕಡಿಮೆ. ಎಷ್ಟೋ ಸಲ ಹೊಟ್ಟೆನೋವಿನಿಂದ ಎಚ್ಚರಗೊಂಡವರಿಗೆ ರೆಪ್ಪೆ ಜೋಲತೊಡಗಿದ ಮೇಲೆಯೇ ಅನುಮಾನ ಹುಟ್ಟುತ್ತದೆ. ಆದ್ದರಿಂದ ಈ ಹಾವನ್ನು ಅದರಂತೆ ಕಾಣುವ ಬೇರೆ ಹಾವುಗಳಿಂದ ಬೇರ್ಪಡಿಸುವ ಪ್ರಶ್ನೆ ಇಲ್ಲಿ ಜೀವದ ಪ್ರಶ್ನೆ.

ತಲೆ ತ್ರಿಕೋನವಾಗಿದ್ದರೆ ವಿಷದ ಹಾವು ಎಂಬ ನಂಬಿಕೆಯನ್ನು ಮೊದಲು ಬದಿಗಿಡಬೇಕು. ಕೊಳಕುಮಂಡಲಕ್ಕೆ ಅದು ಹೊಂದುತ್ತದೆ. ನಾಗರಹಾವಿಗೂ ಕಟ್ಟುಹಾವಿಗೂ ಹೊಂದುವುದಿಲ್ಲ. ಕಣ್ಣಿನ ಪಾಪೆಯೂ ಅಷ್ಟೆ. ಮನುಷ್ಯರಿಗೆ ಅಪಾಯವಿಲ್ಲದ ಬೆಕ್ಕುಹಾವಿನ ಪಾಪೆ ಸೀಳಿನಂತಿದ್ದರೆ, ಪ್ರಾಣ ತೆಗೆಯಬಲ್ಲ ನಾಗರಹಾವಿನ ಪಾಪೆ ದುಂಡಗಿದೆ.

ಕಟ್ಟುಹಾವಿನೊಡನೆ ಹೆಚ್ಚು ಗೊಂದಲಕ್ಕೀಡಾಗುವುದು ವಿಷರಹಿತ ತೋಳಹಾವು. ಹಲ್ಲಿ ಹುಡುಕುತ್ತ ಗೋಡೆ ಏರಿ ಮನೆಯೊಳಗೇ ಬರುವ ಹಾವು ಇದು. ಬೆಳೆದ ಕಟ್ಟುಹಾವಿನ ಬಿಳಿ ಪಟ್ಟೆಗಳು ಸಣ್ಣಗಿದ್ದು, ಹೆಚ್ಚಾಗಿ ಜೋಡಿಜೋಡಿಯಾಗಿ, ಕತ್ತಿನಿಂದ ಸಾಕಷ್ಟು ಹಿಂದೆ ಆರಂಭವಾಗಿ ಬಾಲದ ಕಡೆ ಸ್ಪಷ್ಟವಾಗುತ್ತ ಹೋಗುತ್ತವೆ. ತೋಳಹಾವಿನಲ್ಲಿ ಪಟ್ಟೆಗಳು ಕತ್ತಿನಲ್ಲೇ ತೊಡಗಿ ಬಾಲದ ಕಡೆ ಮಾಸುತ್ತವೆ. ಈ ಸೂತ್ರ ಉಪಯುಕ್ತ, ಆದರೆ ಪೂರ್ಣವಲ್ಲ: ಕಟ್ಟುಹಾವಿನ ಮರಿಗಳಲ್ಲಿ ಮುಂಭಾಗದಲ್ಲೂ ಪಟ್ಟೆ ಇರುತ್ತದೆ. ಗಾಯ ನೋಡಿ ನಿರ್ಣಯಿಸುವುದೂ ಸಲ್ಲದು. ತೋಳಹಾವಿಗೂ ಮುಂದೆ ಉದ್ದನೆಯ ಹಲ್ಲುಗಳಿವೆ, ಹೆಸರು ಬಂದದ್ದೇ ಅದರಿಂದ.

ನಂಬತಕ್ಕ ಲಕ್ಷಣವಿರುವುದು ಬೆನ್ನಿನ ನಡುಸಾಲಿನಲ್ಲಿ. ಕಟ್ಟುಹಾವಿನ ಬೆನ್ನುಮೂಳೆಯ ಮೇಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ತೋಳಹಾವಿನಲ್ಲಿ ಎಲ್ಲವೂ ಒಂದೇ ಗಾತ್ರ. ಬಾಲದ ಅಡಿಯ ಹುರುಪೆಗಳು ಕಟ್ಟುಹಾವಿನಲ್ಲಿ ಅಖಂಡವಾಗಿದ್ದರೆ ತೋಳಹಾವಿನಲ್ಲಿ ಇಬ್ಭಾಗವಾಗಿರುತ್ತವೆ. ಆದರೆ ಇದನ್ನೇ ವಿಷದ ಗುರುತೆಂದು ಎಲ್ಲ ಹಾವುಗಳಿಗೂ ಹಚ್ಚಲಾಗದು. ಗುಡ್ಡದ ಕಲ್ಲುನೆಲದ ಗರಗಸ ಮಂಡಲದಲ್ಲಿ ಅವು ಅಖಂಡ, ಕೊಳಕುಮಂಡಲದಲ್ಲಿ ಇಬ್ಭಾಗ.

ಇನ್ನು ಎಣಿಕೆ. ದೇಹದ ನಡುಭಾಗದಲ್ಲಿ ಸಾಮಾನ್ಯ ಕಟ್ಟುಹಾವಿಗೆ 15 ಸಾಲು ಹುರುಪೆ, ತೋಳಹಾವಿಗೆ 17. ವ್ಯತ್ಯಾಸ ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಆದರೆ ಪಶ್ಚಿಮ ಭಾರತದಲ್ಲಿ 17 ಸಾಲಿನ ಕಟ್ಟುಹಾವೂ ಇದೆ. ಎಂದರೆ 17 ಎಂದು ಎಣಿಸಿ, ನಡುಸಾಲನ್ನು ನೋಡದೆ 'ತೋಳಹಾವು' ಎಂದು ಬರೆದುಕೊಂಡವರು ಮಾರಕ ವಿಷದ ಹಾವನ್ನು ನಿರಪಾಯದ ಪಟ್ಟಿಗೆ ಸೇರಿಸಿದಂತಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ 17 ಸಾಲಿನವು ಪಾಕಿಸ್ತಾನದ ಸಿಂಧ್ ಕಟ್ಟುಹಾವಿಗೆ ಅನುವಂಶೀಯವಾಗಿ ಅತಿ ಹತ್ತಿರ. ದಕ್ಷಿಣ ಭಾರತದ ಇನ್ನೊಂದು ಕಟ್ಟುಹಾವನ್ನು ಅವರು ಹೊಸ ಪ್ರಭೇದವೆಂದು ಗುರುತಿಸಿ, ಉರಗತಜ್ಞ ರೊಮ್ಯುಲಸ್ ವಿಟೇಕರ್ ಅವರ ಹೆಸರಿಟ್ಟರು. ಹೊರನೋಟಕ್ಕೆ ಅದು ಸಾಮಾನ್ಯ ಕಟ್ಟುಹಾವನ್ನೇ ಹೋಲುತ್ತದೆ. ವಿಷದ ಪ್ರೋಟೀನುಗಳ ಸಂಯೋಜನೆ ಮಾತ್ರ ತೀರ ಬೇರೆ.

ಇದರ ಪರಿಣಾಮ ಆಸ್ಪತ್ರೆಯವರೆಗೂ ಮುಟ್ಟುತ್ತದೆ. ನಮ್ಮ ಬಹುವಿಷ ಪ್ರತಿವಿಷವನ್ನು ನಾಗರಹಾವು, ಸಾಮಾನ್ಯ ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷದಿಂದ ತಯಾರಿಸುತ್ತಾರೆ. ವೈದ್ಯರು ಚಿಕಿತ್ಸೆ ಕೊಡುವುದು ರೋಗಲಕ್ಷಣ ನೋಡಿಯೇ, ಹಾವಿನ ಹೆಸರಿಗಾಗಿ ಕಾಯಬೇಕಿಲ್ಲ. ಹಾವನ್ನು ಹಿಡಿದು ತರುವ ಸಾಹಸವಂತೂ ಬೇಡವೇ ಬೇಡ. ಆದರೆ ಯಾವ ಕಟ್ಟುಹಾವಿನ ಕಡಿತಕ್ಕೆ ಪ್ರತಿವಿಷ ಎಷ್ಟು ಫಲಿಸಿತು ಎಂಬುದನ್ನು ಮುಂದೆ ಅರಿಯಬೇಕಾದರೆ ಕಡಿದ ಪ್ರಭೇದದ ದಾಖಲೆ ಬೇಕು. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿರುವುದರಿಂದ ಆಸ್ಪತ್ರೆಗಳು ಪ್ರಕರಣಗಳನ್ನು ವರದಿ ಮಾಡಲೇಬೇಕು. ದೂರದಿಂದ ತೆಗೆದ ಫೋಟೊ ಇದ್ದರೆ ಅದನ್ನೂ ವರದಿಗೆ ಲಗತ್ತಿಸುವ ಏರ್ಪಾಡು ಆಗಬೇಕೆಂಬುದು ನನ್ನ ಒತ್ತಾಯ.

ಈ ಮೂರು ತಾಲ್ಲೂಕುಗಳಿರುವುದು ಮಹಾರಾಷ್ಟ್ರದ ಗಡಿಯ ಸಮೀಪ, ಪಶ್ಚಿಮ ಹಾಗೂ ದಕ್ಷಿಣದ ಕಟ್ಟುಹಾವುಗಳ ನೆಲೆಗಳ ನಡುವೆ. ಆದ್ದರಿಂದ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಸತ್ತ ಪ್ರತಿ ಕಟ್ಟುಹಾವೂ ಅಮೂಲ್ಯ ಮಾದರಿ. ಸತ್ತ ಹಾವಿನ ತಲೆಯೂ ಕೆಲಹೊತ್ತು ಕಚ್ಚಬಲ್ಲದು. ತರಬೇತಿ ಪಡೆದವರಷ್ಟೇ ಮುಟ್ಟಬೇಕು. ಬೆನ್ನಿನ ನಡುಭಾಗ, ಬಾಲದ ಅಡಿ, ತಲೆಯ ಪಕ್ಕ ಈ ಮೂರರ ಹತ್ತಿರದ ಚಿತ್ರಗಳಿಂದ ಸಾಲುಗಳನ್ನು ಎಣಿಸಬಹುದು. ವಿಟೇಕರ್ ಹೆಸರಿನ ಪ್ರಭೇದವನ್ನು ಖಚಿತಪಡಿಸಲು ಡಿಎನ್‌ಎ ಪರೀಕ್ಷೆಯೇ ಬೇಕು. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ಅಂಗಾಂಶದ ಚೂರನ್ನು ಆಲ್ಕೋಹಾಲಿನಲ್ಲಿಟ್ಟು, ಊರು, ದಿನಾಂಕ, ಹೊಲದ ಬೆಳೆಯನ್ನು ನಮೂದಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು.