ಗಾಜಿನ ಪೆಟ್ಟಿಗೆಯಲ್ಲಿ ಮದುಮಗಳು

ಮದುವೆ ಸಾಮಗ್ರಿಗಳ ಮೇಳ, ಅಂದರೆ ಈಗ 'ಬ್ರೈಡಲ್ ಶೋ' ಎಂದು ಕರೆಸಿಕೊಳ್ಳುವ ಪ್ರದರ್ಶನಕ್ಕೆ ಹೋದವರು ಸೀರೆ, ಒಡವೆ, ಹೂವಿನ ಮಂಟಪ, ಅಡುಗೆ ಗುತ್ತಿಗೆದಾರರ ಮಳಿಗೆಗಳ ನಡುವೆ ಛಾಯಾಗ್ರಾಹಕರ ಮಳಿಗೆಯನ್ನೂ ಕಂಡಿರುತ್ತಾರೆ. ಸೀರೆಯವರು ಸೀರೆಯನ್ನೇ ತಂದು ಹರಡುತ್ತಾರೆ. ಅಡುಗೆಯವರು ಒಂದು ಚೂರು ಮೈಸೂರುಪಾಕನ್ನಾದರೂ ಬಾಯಿಗೆ ಹಾಕಿ ಕಳಿಸುತ್ತಾರೆ. ಛಾಯಾಗ್ರಾಹಕನಿಗೆ ಮಾತ್ರ ಈ ಅನುಕೂಲವಿಲ್ಲ. ಅವನು ಮಾರಬೇಕಾದ ಚಿತ್ರವನ್ನು ಇನ್ನೂ ತೆಗೆದೇ ಇಲ್ಲ, ಏಕೆಂದರೆ ಮದುವೆಯೇ ಇನ್ನೂ ಆಗಿಲ್ಲ. ಆದ್ದರಿಂದ ಇನ್ಯಾರದೋ ಮದುವೆಯ ಚಿತ್ರವನ್ನು ತೂಗುಹಾಕಿ ಅವನು ಗಿರಾಕಿಯನ್ನು ಕರೆಯಬೇಕು.

ತೂಗುಹಾಕಿದ ಆ ಚಿತ್ರ ಯಾರದು? ತೆಗೆದವನದೋ, ಹಣ ಕೊಟ್ಟವರದೋ, ಅದರಲ್ಲಿರುವ ಹೆಣ್ಣುಮಗಳದೋ? ಈ ಪ್ರಶ್ನೆ ಮೊಬೈಲ್ ಫೋನಿನ ಕಾಲದ್ದು ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಅದು ಛಾಯಾಚಿತ್ರದ ಅಂಗಡಿಗಳು ಹುಟ್ಟಿದ ಕಾಲದಿಂದಲೂ ಜೊತೆಯಲ್ಲೇ ಬಂದಿದೆ.

ಮಹಡಿಯ ಸ್ಟುಡಿಯೋ, ಬಾಗಿಲ ಪೆಟ್ಟಿಗೆ

ಫ್ರಾನ್ಸಿನ ಲೂಯಿ ಡಗೇರ್ ಕಂಡುಹಿಡಿದ ವಿಧಾನ 1839ರಲ್ಲಿ ಪ್ಯಾರಿಸ್‌ನಲ್ಲಿ ಬಹಿರಂಗವಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುವ ಚಿತ್ರವದು. ಅದಕ್ಕೆ ಧಾರಾಳ ಬೆಳಕು ಬೇಕಿತ್ತು. ವಿದ್ಯುದ್ದೀಪಗಳಿಲ್ಲದ ಕಾಲದಲ್ಲಿ ಬೆಳಕಿಗೆ ಸೂರ್ಯನೇ ಗತಿ. ಹೀಗಾಗಿ ಛಾಯಾಗ್ರಾಹಕರು ಕಟ್ಟಡದ ಕಟ್ಟಕಡೆಯ ಮಹಡಿಯನ್ನು ಹಿಡಿದು, ಮಾಡಿಗೆ ಗಾಜು ಹಾಕಿಸಿ ಸ್ಟುಡಿಯೋ ಮಾಡಿಕೊಂಡರು.

ಇದರಿಂದ ಇನ್ನೊಂದು ತೊಡಕು ಹುಟ್ಟಿತು. ಬೀದಿಯಲ್ಲಿ ಹೋಗುವವರಿಗೆ ಮೇಲಿನ ಸ್ಟುಡಿಯೋ ಕಾಣುವುದಾದರೂ ಹೇಗೆ? ಕೆಳಗಿನ ಬಾಗಿಲ ಬಳಿ ಗಾಜಿನ ಪೆಟ್ಟಿಗೆಯೊಂದನ್ನು ತೂಗುಹಾಕಿ ಅದರಲ್ಲಿ ಮಾದರಿ ಚಿತ್ರಗಳನ್ನಿಡುವ ಪದ್ಧತಿ ಬಂದದ್ದು ಈ ಕಾರಣಕ್ಕೆ. ಇಂದಿನ ಮಳಿಗೆಯ ಮೂಲಪುರುಷ ಈ ಪೆಟ್ಟಿಗೆಯೇ ಎನ್ನಬಹುದು. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ 1844ರಲ್ಲಿ ಸ್ಟುಡಿಯೋ ತೆರೆದ ಮ್ಯಾಥ್ಯೂ ಬ್ರೇಡಿ ಇದೇ ಉಪಾಯವನ್ನು ಇನ್ನೂ ಮುಂದಕ್ಕೊಯ್ದ. ಹೆಸರಾಂತ ರಾಜಕಾರಣಿಗಳ, ಕಲಾವಿದರ ಚಿತ್ರಗಳನ್ನು ತೆಗೆದು ತನ್ನ ಗ್ಯಾಲರಿಯ ಗೋಡೆಗಳಿಗೆ ಹಾಕಿದ. ಅವುಗಳನ್ನು ನೋಡಲು ಬಂದವರು ತಮ್ಮದೂ ಒಂದು ಚಿತ್ರ ಇರಲಿ ಎಂದು ಕುರ್ಚಿಯ ಮೇಲೆ ಕೂತರು.

ಮೇಳಕ್ಕೆ ಬಂದ ಚಿತ್ರಗಳು

ಬೀದಿ ಬಾಗಿಲಿನಿಂದ ದೊಡ್ಡ ಮೇಳಕ್ಕೆ ಛಾಯಾಚಿತ್ರ ಬಂದದ್ದು 1851ರಲ್ಲಿ. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಗಾಜು ಮತ್ತು ಕಬ್ಬಿಣದಿಂದ ಕಟ್ಟಿದ 'ಕ್ರಿಸ್ಟಲ್ ಪ್ಯಾಲೇಸ್'ನಲ್ಲಿ ನಡೆದ ಮಹಾ ವಸ್ತುಪ್ರದರ್ಶನವನ್ನು ಅರವತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಬ್ರೇಡಿಯೂ ಸೇರಿದಂತೆ ಮೂವರು ಅಮೆರಿಕನ್ ಛಾಯಾಗ್ರಾಹಕರಿಗೆ ಅಲ್ಲಿ ಪದಕ ಬಂದಿತು. ಆದರೆ ಸಂಘಟಕರಿಗೆ ಈ ಹೊಸ ವಸ್ತುವನ್ನು ಎಲ್ಲಿ ಕೂರಿಸಬೇಕೆಂಬುದೇ ಸಮಸ್ಯೆಯಾಗಿತ್ತು. ಕೊನೆಗೆ ವೈಜ್ಞಾನಿಕ ಉಪಕರಣಗಳು, ಸಂಗೀತ ವಾದ್ಯಗಳು, ಗಡಿಯಾರಗಳು ಮತ್ತು ಶಸ್ತ್ರಚಿಕಿತ್ಸೆಯ ಸಾಧನಗಳಿದ್ದ 10ನೇ ವರ್ಗಕ್ಕೆ ಅದನ್ನು ಸೇರಿಸಲಾಯಿತು.

ಹನ್ನೊಂದು ವರ್ಷಗಳ ನಂತರ, 1862ರ ಲಂಡನ್ ಪ್ರದರ್ಶನದಲ್ಲಿ ಯಂತ್ರಗಳ ಜೊತೆ ತಮ್ಮನ್ನು ಸೇರಿಸುವುದಕ್ಕೆ ಛಾಯಾಗ್ರಾಹಕರು ಬಲವಾಗಿ ಆಕ್ಷೇಪಿಸಿದರು. ಅವರಿಗಾಗಿ ಪ್ರತ್ಯೇಕ ವರ್ಗವನ್ನೇ ಮಾಡಬೇಕಾಯಿತು. ಮಳಿಗೆ ಯಾರ ಪಕ್ಕದಲ್ಲಿದೆ ಎಂಬುದರ ಮೇಲೆ ಅದರ ಮರ್ಯಾದೆ ನಿಂತಿದೆ ಎಂಬುದು ಆಗಲೇ ಅವರಿಗೆ ಗೊತ್ತಿತ್ತು. ಇಂದಿನ ಮೇಳಗಳಲ್ಲಿ ಒಡವೆ ಅಂಗಡಿಯ ಪಕ್ಕದ ಜಾಗಕ್ಕೋ, ಪ್ರವೇಶದ್ವಾರದ ಎದುರಿನ ಮೂಲೆಗೋ ನಡೆಯುವ ಪೈಪೋಟಿ ಇದೇ ತಿಳಿವಳಿಕೆಯ ಮುಂದುವರಿಕೆ.

ಅಳುಕಿದ ರಾಣಿ

ಮೊದಮೊದಲು ಈ ಚಿತ್ರಗಳಲ್ಲಿ ಮದುವೆ ಇರಲಿಲ್ಲ. ವಿಕ್ಟೋರಿಯಾ ರಾಣಿಯ ಮದುವೆ 1840ರಲ್ಲಿ ನಡೆದಾಗ ಅದರ ಛಾಯಾಚಿತ್ರವನ್ನು ಯಾರೂ ತೆಗೆಯಲಿಲ್ಲ. ರೋಜರ್ ಫೆಂಟನ್ 1854ರಲ್ಲಿ ತೆಗೆದ, ರಾಣಿ ಮತ್ತು ಆಲ್ಬರ್ಟ್ ಆಸ್ಥಾನದ ಉಡುಪಿನಲ್ಲಿರುವ ಚಿತ್ರವನ್ನು ಮದುವೆಯದೆಂದು ಇಂದಿಗೂ ತಪ್ಪು ತಿಳಿಯುವವರಿದ್ದಾರೆ.

ಅವರ ಹಿರಿಮಗಳ ಮದುವೆಯ ದಿನ, 1858ರ ಜನವರಿ 25ರಂದು, ತಂದೆ, ತಾಯಿ, ಮಗಳು ಮೂವರೂ ಕ್ಯಾಮೆರಾದ ಮುಂದೆ ನಿಂತರು. ಮಗಳನ್ನು ಕಳಿಸಿಕೊಡುವ ಕಳವಳದಲ್ಲಿ ರಾಣಿ ನಡುಗಿದಳು. ಚಿತ್ರದಲ್ಲಿ ಅವಳ ಮುಖವೇ ಮಸುಕಾಯಿತು. ಇದನ್ನು ರಾಣಿ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. ಒಂದು ಸಾಮ್ರಾಜ್ಯದ ಒಡತಿಯೂ ಧಾರೆಯ ಹೊತ್ತಿಗೆ ಎಲ್ಲ ತಾಯಂದಿರಂತೆಯೇ ಎಂಬುದಕ್ಕೆ ಆ ಮಸುಕು ಚಿತ್ರ ಸಾಕ್ಷಿ.

ಅಷ್ಟರಲ್ಲಿ ಪ್ಯಾರಿಸ್ಸಿನ ಡಿಸ್ಡೇರಿ ಎಂಬಾತ 1854ರಲ್ಲಿ ಒಂದೇ ಗಾಜಿನ ಫಲಕದ ಮೇಲೆ ಹಲವು ಸಣ್ಣ ಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಭೇಟಿಚೀಟಿಯ ಅಳತೆಯ ಈ ಚಿತ್ರಗಳು ಅಗ್ಗವಾದವು. 1851ರ ಮೇಳದಲ್ಲಿ ಭಾಗವಹಿಸಿದ್ದ ಜೆ.ಇ. ಮೇಯಲ್ 1860ರಲ್ಲಿ ಬ್ರಿಟನ್ನಿನ ರಾಜಮನೆತನದವರ ಇಂಥ ಚಿತ್ರಗಳನ್ನು ಮಾರಾಟಕ್ಕೆ ತಂದ. ಜನ ಮುಗಿಬಿದ್ದು ಕೊಂಡರು. ಮನೆಯೊಳಗಿನ ಮುಖಗಳು ಪೇಟೆಯ ಸರಕಾದದ್ದು ಹೀಗೆ.

ಪರದೆಯ ಒಳಗೆ, ಪರದೆಯ ಹೊರಗೆ

ಭಾರತಕ್ಕೂ ಕ್ಯಾಮೆರಾ ತಡವಾಗಿಯೇನೂ ಬರಲಿಲ್ಲ. ಮುಂಬೈಯಲ್ಲಿ 1854ರಲ್ಲಿ, ಮದ್ರಾಸ್ ಮತ್ತು ಕಲ್ಕತ್ತಗಳಲ್ಲಿ 1856ರಲ್ಲಿ ಛಾಯಾಗ್ರಹಣ ಸಂಘಗಳು ಸ್ಥಾಪನೆಯಾದವು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಪ್ರತ್ಯೇಕ 'ಜನಾನಾ' ಸ್ಟುಡಿಯೋ ತೆರೆದರು. ಅದನ್ನು ನಡೆಸುತ್ತಿದ್ದವರು ಒಬ್ಬ ಇಂಗ್ಲಿಷ್ ಮಹಿಳೆ. ಗೋಷಾ ಪಾಲಿಸುತ್ತಿದ್ದ ಮನೆತನದ ಹೆಂಗಸರು ಗಂಡಸರ ಕಣ್ಣಿಗೆ ಬೀಳದೆ ಅಲ್ಲಿ ಚಿತ್ರ ತೆಗೆಸಿಕೊಳ್ಳಬಹುದಿತ್ತು. ಮರುವರ್ಷವೇ ಷಿಕಾಗೊ ಜಾಗತಿಕ ಪ್ರದರ್ಶನದಲ್ಲಿ ದೀನ್ ದಯಾಳರ ಚಿತ್ರಗಳಿಗೆ ಪ್ರಶಸ್ತಿ ಬಂದಿತು. ಲೋಕಕ್ಕೆ ತೋರಿಸುವ ಚಿತ್ರ ಬೇರೆ, ಮನೆಯವರಿಗೆ ಮಾತ್ರ ಸಲ್ಲುವ ಚಿತ್ರ ಬೇರೆ ಎಂಬ ವಿವೇಕ ಒಂದೇ ಸಂಸ್ಥೆಯಲ್ಲಿ ಹೀಗೆ ನೆಲೆಸಿತ್ತು.

ನಮ್ಮ ಊರುಗಳಲ್ಲಿ ಬಹುಕಾಲದವರೆಗೆ ಛಾಯಾಗ್ರಾಹಕ ಮದುವೆಮನೆಗೆ ಬರುತ್ತಿರಲಿಲ್ಲ, ಮದುವೆಯಾದವರೇ ಸ್ಟುಡಿಯೋಗೆ ಹೋಗುತ್ತಿದ್ದರು. ಹೂಕುಂಡ, ಕಂಬ, ಮೆಟ್ಟಿಲು ಬರೆದ ಪರದೆಯ ಮುಂದೆ ಗಂಡ ಕುರ್ಚಿಯಲ್ಲಿ ಕೂತರೆ ಹೆಂಡತಿ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಆ ಚಿತ್ರಗಳಲ್ಲಿ ಚೆಂದದ್ದೊಂದು ಕೈಯಿಂದ ಬಣ್ಣ ಹಾಕಿಸಿಕೊಂಡು ಸ್ಟುಡಿಯೋದ ಷೋಕೇಸ್ ಸೇರುತ್ತಿತ್ತು. ಕೆಲವರಿಗೆ ಅದು ಹೆಮ್ಮೆ, ಕೆಲವರಿಗೆ ಮುಜುಗರ. ಬಸ್‌ಸ್ಟ್ಯಾಂಡಿನ ಎದುರು ಸೊಸೆಯ ಪಟ ನೇತುಹಾಕಿದ್ದಾರೆಂದು ಜಗಳಕ್ಕೆ ಹೋಗುವ ಮಾವನವರಿಗೂ ನಮ್ಮಲ್ಲಿ ಕೊರತೆಯಿರಲಿಲ್ಲ.

ನ್ಯಾಯಾಲಯದ ಮಾತು

ಈ ಜಗಳ ಇಂಗ್ಲೆಂಡಿನಲ್ಲಿ 1888ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಪೊಲಾರ್ಡ್ ಎಂಬ ಗೃಹಿಣಿ ರೋಚೆಸ್ಟರ್ ಪಟ್ಟಣದ ಅಂಗಡಿಯೊಂದರಲ್ಲಿ ಹಣ ಕೊಟ್ಟು ಚಿತ್ರ ತೆಗೆಸಿಕೊಂಡಿದ್ದರು. ಅದೇ ಚಿತ್ರ ಕ್ರಿಸ್‌ಮಸ್ ಶುಭಾಶಯ ಪತ್ರದ ರೂಪದಲ್ಲಿ ಅಂಗಡಿಯ ಕಿಟಕಿಯಲ್ಲಿ ಕಾಣಿಸಿಕೊಂಡಿತು. ಗಿರಾಕಿ ತನಗಾಗಿ ತೆಗೆಸಿದ ಚಿತ್ರವನ್ನು ಅವಳ ಒಪ್ಪಿಗೆಯಿಲ್ಲದೆ ಮಾರುವುದಾಗಲಿ, ಪ್ರದರ್ಶಿಸುವುದಾಗಲಿ ಒಪ್ಪಂದಕ್ಕೂ ನಂಬಿಕೆಗೂ ದ್ರೋಹ ಎಂದು ನ್ಯಾಯಾಧೀಶ ನಾರ್ತ್ ತೀರ್ಪು ಕೊಟ್ಟರು. ಅಮೆರಿಕದ ವಾರನ್ ಮತ್ತು ಬ್ರಾಂಡೈಸ್ 1890ರಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಈ ತೀರ್ಪನ್ನು ಆಧಾರವಾಗಿ ಬಳಸಿಕೊಂಡರು.

ಭಾರತದ ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ವಿಧಿಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರ ತೆಗೆಸಿದವನೇ, ಬೇರೆ ಒಪ್ಪಂದ ಇದ್ದರೆ ಮಾತು ಬೇರೆ. ಇನ್ನು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್‌ನಲ್ಲಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು.

ಹತ್ತಡಿಯ ಜಾಗದಲ್ಲಿ

ಇಷ್ಟೆಲ್ಲ ಇತಿಹಾಸ ಈಗ ಬಂದು ನಿಂತಿರುವುದು ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಮಳಿಗೆಯಲ್ಲಿ. ಬಹಳಷ್ಟು ಮೇಳಗಳಲ್ಲಿ ಸಿಗುವ ಸಾಮಾನ್ಯ ಅಳತೆ ಇದು. ಮೂರು ಕಡೆ ಗೋಡೆ, ಒಂದು ಕಡೆ ದಾರಿ. ಅನುಭವಿಗಳು ದಾರಿಗೆ ಅಡ್ಡವಾಗಿ ಮೇಜು ಹಾಕುವುದಿಲ್ಲ, ಹಾಕಿದರೆ ಬಂದವರು ಹೊರಗೇ ನಿಂತು ಹೊರಟುಬಿಡುತ್ತಾರೆ. ನೂರು ಸಣ್ಣ ಚಿತ್ರಗಳ ಬದಲು ದೂರದಿಂದಲೇ ಕಾಣುವ ನಾಲ್ಕಾರು ದೊಡ್ಡ ಚಿತ್ರ, ಕಣ್ಣಿಗೆ ಚುಚ್ಚದೆ ಚಿತ್ರದ ಮೇಲೆ ಬೀಳುವ ದೀಪ, ಒಳಗೆ ಎರಡು ಕುರ್ಚಿ, ಕೈಯಲ್ಲಿ ಹಿಡಿದು ತಿರುವಲು ಆಲ್ಬಂ ಇರುತ್ತದೆ. ಹುಡುಗಿಯ ಜೊತೆ ಅವಳ ಅಮ್ಮನೋ ಚಿಕ್ಕಮ್ಮನೋ ಬಂದೇ ಬರುತ್ತಾರೆ. ಕೂತು ಆಲ್ಬಂ ನೋಡಿ ದರ ಕೇಳುವವರು ಅವರೇ. ಆದ್ದರಿಂದ ಕುರ್ಚಿ ಇಲ್ಲದ ಮಳಿಗೆ ವ್ಯಾಪಾರ ಕಳೆದುಕೊಂಡಂತೆ.

ಗೋಡೆಯ ಮೇಲಿನ ನಾಲ್ಕಾರು ಚಿತ್ರಗಳು ಹತ್ತಾರು ಮದುವೆಗಳಿಂದ ಆರಿಸಿದವು. ಅವು ಛಾಯಾಗ್ರಾಹಕನ ಅತ್ಯುತ್ತಮ ಕೆಲಸವನ್ನು ತೋರಿಸುತ್ತವೆಯೇ ಹೊರತು ಸಾಮಾನ್ಯ ಕೆಲಸವನ್ನಲ್ಲ. ಒಂದೇ ಮದುವೆಯ ಚಿತ್ರಗಳನ್ನು ವರಪೂಜೆಯಿಂದ ಮನೆತುಂಬಿಸಿಕೊಳ್ಳುವವರೆಗೆ ನೋಡಿದರೆ ನಿಜಸ್ಥಿತಿ ಗೊತ್ತಾಗುತ್ತದೆ. ಕತ್ತಲ ಛತ್ರದಲ್ಲಿ, ಹೋಮದ ಹೊಗೆಯಲ್ಲಿ, ನಿಂತಲ್ಲಿ ನಿಲ್ಲದ ನೆಂಟರ ನಡುವೆ ಅವನ ಕೈ ಹೇಗಿದೆ ಎಂಬುದು ಅಲ್ಲಿಯೇ ತಿಳಿಯುವುದು.

ಅದರ ಜೊತೆಗೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಗೋಡೆಯ ಮೇಲಿರುವ ಈ ಹುಡುಗಿ ಇದಕ್ಕೆ ಒಪ್ಪಿದ್ದಾಳೆಯೇ? ಮುಂಗಡ ಕೊಡುವ ಮೊದಲು ಸಹಿ ಹಾಕುವ ಕಾಗದದಲ್ಲಿ, ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಹುದು ಎಂಬ ಸಾಲು ಇದೆಯೇ ಎಂದು ಓದಿಕೊಳ್ಳುವುದು ಒಳ್ಳೆಯದು. ಬೇಡವೆನಿಸಿದರೆ ಆ ಸಾಲನ್ನು ಹೊಡೆದುಹಾಕುವಂತೆ ಆಗಲೇ ಹೇಳಬಹುದು. ಕೇಳಿ ಒಪ್ಪಿಗೆ ಪಡೆದ ಛಾಯಾಗ್ರಾಹಕನಿಗೆ ಇದರಿಂದ ನಷ್ಟವೇನೂ ಇಲ್ಲ. ಇಂದು ಅವನ ಮಳಿಗೆಯೊಳಗೆ ಕೂತು ಆಲ್ಬಂ ತಿರುವುತ್ತಿರುವ ಹುಡುಗಿಯೇ ಮುಂದಿನ ವರ್ಷ ಆ ಗೋಡೆಯ ಮೇಲಿರಬಹುದು. ಅದು ಅವಳಿಗೆ ತಿಳಿದೇ ಆಗಬೇಕು.