ಅಂಕಿತವಿಲ್ಲದ ಆಟಗಳು

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಒಂದು ತಗಡಿನ ಶೆಡ್ಡು ಇರುತ್ತಿತ್ತು. ಒಳಗೆ ಆರೇಳು ವಿಡಿಯೋ ಗೇಮ್ ಡಬ್ಬಿಗಳು, ಒಂದು ಫ್ಯಾನು, ನೂರು ಹುಡುಗರು. ಸಂಕ್ರಾಂತಿಗೆ ಕಾಖಂಡಕಿಯಿಂದ ಬಸ್ಸು ಹತ್ತಿ ಬರುತ್ತಿದ್ದ ನಾವು ಗುಡಿಯಲ್ಲಿ ಕೈಮುಗಿದ ಶಾಸ್ತ್ರ ಮಾಡಿ ನೇರ ಅಲ್ಲಿಗೆ ಓಡುತ್ತಿದ್ದೆವು. ಎರಡು ರೂಪಾಯಿಗೆ ಒಂದು ಬಿಲ್ಲೆ. ಬಿಲ್ಲೆ ಹಾಕಿದರೆ ಹಳದಿ ಟೋಪಿಯವನೊಬ್ಬ ಓಡಿಬಂದು ಕಾಲೆತ್ತಿ ಒದೆಯುತ್ತಿದ್ದ. ಆ ಆಟಕ್ಕೆ ನಮ್ಮ ಹೆಸರು ‘ಮುಸ್ತಫಾ’. ದೇಶದ ಎಷ್ಟೋ ಊರುಗಳ ಹುಡುಗರು ಅದನ್ನು ಹಾಗೇ ಕರೆಯುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಅಸಲಿ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಮಾರ್ಕ್ ಶುಲ್ಟ್ಸ್ ಎಂಬ ಅಮೆರಿಕನ್ ಚಿತ್ರಕಾರನ ಕಾಮಿಕ್ಸ್ ಇಟ್ಟುಕೊಂಡು ಜಪಾನಿನ ಕ್ಯಾಪ್ಕಾಮ್ ಕಂಪನಿ 1993ರಲ್ಲಿ ಮಾಡಿದ್ದು.

ಆಟ ಸೋತ ಮೇಲೆ ಹೆಚ್ಚು ಅಂಕ ಗಳಿಸಿದವರು ಪರದೆಯ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆಯಬಹುದಿತ್ತು. ನಮ್ಮ ಕಾಕಾನ ಮಗ, ನನಗಿಂತ ಮೂರು ವರ್ಷಕ್ಕೆ ಚಿಕ್ಕವನು, ಒಮ್ಮೆ ಆ ಪಟ್ಟಿಗೆ ಏರಿದ. ಕೈ ನಡುಗುತ್ತ ತನ್ನ ಹೆಸರಿನ ಮೊದಲ ಮೂರು ಅಕ್ಷರ ಕೂಡಿಸಿದ. ಶೆಡ್ಡಿನವನು ಸ್ವಿಚ್ ಆರಿಸುವ ತನಕ ಅದು ಅಲ್ಲಿತ್ತು. ಆಟ ಆಡಿದವನಿಗೆ ಹೆಸರು ಬರೆಯುವ ಜಾಗ ಇದೆ, ಮಾಡಿದವನದು ಎಲ್ಲಿದೆ ಎಂಬ ಪ್ರಶ್ನೆ ಆಗ ಇಬ್ಬರಿಗೂ ಹೊಳೆದಿರಲಿಲ್ಲ.

ಈಗ ನನ್ನ ಪಿಎಚ್‌ಡಿ ನಡೆದಿರುವುದೇ ಇಂಥ ಪ್ರಶ್ನೆಯ ಮೇಲೆ, ಆದರೆ ಹರಿದಾಸರ ಅಂಕಿತಗಳ ಬಗ್ಗೆ. ನಮ್ಮೂರಿನ ಮಹಿಪತಿದಾಸರು ಹದಿನೇಳನೆಯ ಶತಮಾನದವರು. ಆದಿಲ್‌ಶಾಹಿ ದರಬಾರಿನ ಚಾಕರಿ ಬಿಟ್ಟು ಅಧ್ಯಾತ್ಮಕ್ಕೆ ತಿರುಗಿದವರು ಎಂದು ಪರಂಪರೆ ಹೇಳುತ್ತದೆ. ಅವರ ಹಾಡುಗಳ ಕೊನೆಯಲ್ಲಿ ‘ಮಹಿಪತಿ’ ಎಂಬ ಮಾತು ಬರುತ್ತದೆ. ಮಗ ಕೃಷ್ಣದಾಸರು ತಮ್ಮ ಮುದ್ರಿಕೆಯಲ್ಲಿ ಅಪ್ಪನ ಹೆಸರನ್ನೇ ಹೊತ್ತರು. ಹಸ್ತಪ್ರತಿ ಓದುವಾಗ ಎಚ್ಚರ ತಪ್ಪಿದರೆ ಅಪ್ಪನ ಹಾಡು ಮಗನ ಪಾಲಿಗೆ, ಮಗನದು ಅಪ್ಪನ ಪಾಲಿಗೆ ಹೋಗಿಬಿಡುತ್ತದೆ. ಅಂಕಿತ ಎಂದರೆ ಕವಿಯ ಜಂಭವಲ್ಲ. ಬಹುಪಾಲು ದಾಸರದು ದೇವರ ಹೆಸರೇ. ಆದರೂ ಮುನ್ನೂರು ವರ್ಷ ಕಳೆದ ಮೇಲೆ ನನ್ನಂಥವನೊಬ್ಬ ಆ ಒಂದೆರಡು ಪದ ಹಿಡಿದು ಮನುಷ್ಯನನ್ನು ಹುಡುಕಬಹುದು. ಅಷ್ಟು ಜಾಗ ಅವರು ಬಿಟ್ಟು ಹೋಗಿದ್ದಾರೆ.

ಲಾಕ್‌ಡೌನಿನ ದಿನಗಳಲ್ಲಿ, ಗ್ರಂಥಾಲಯ ಮುಚ್ಚಿದ್ದಾಗ, ಮುಸ್ತಫಾ ಮಾಡಿದವರು ಯಾರು ಎಂದು ಹುಡುಕಲು ಕೂತೆ. ಸಿಕ್ಕಿದ್ದು ಹೆಸರುಗಳಲ್ಲ, ಅಡ್ಡಹೆಸರುಗಳು. ಎಂಬತ್ತು, ತೊಂಬತ್ತರ ದಶಕದ ಜಪಾನಿ ಆರ್ಕೇಡ್ ಆಟಗಳಲ್ಲಿ ಕೆಲಸಗಾರರ ನಿಜನಾಮ ಹಾಕುತ್ತಿದ್ದುದು ಕಡಿಮೆ. ಹೆಸರು ಗೊತ್ತಾದರೆ ಎದುರಾಳಿ ಕಂಪನಿ ಹೆಚ್ಚಿನ ಸಂಬಳದ ಆಸೆ ತೋರಿಸಿ ಎಳೆದುಕೊಂಡೀತು ಎಂಬ ಭಯ. ಜಗತ್ತನ್ನೇ ಮರುಳುಮಾಡಿದ ‘ಸ್ಟ್ರೀಟ್ ಫೈಟರ್ 2’ (1991) ವಿನ್ಯಾಸ ಮಾಡಿದ ಅಕಿರಾ ನಿಶಿತಾನಿ ಅಲ್ಲಿ ‘ನಿನ್ ನಿನ್’. ಪಾತ್ರಗಳ ಚಿತ್ರ ಬರೆದ ಅಕಿರಾ ಯಸುದಾ ‘ಅಕಿಮನ್’. ನಮ್ಮ ಊರಿನ ಕುಸ್ತಿ ಪೈಲವಾನರಿಗೂ ಇಂಥ ಹೆಸರು ಇರುತ್ತವೆ, ಆದರೆ ಅವರ ಮನೆ ಎಲ್ಲಿ ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಇವರಿಂದ ಆಟ ಮಾಡಿಸಿದ ಪ್ರೊಡ್ಯೂಸರ್ ಯೋಶಿಕಿ ಒಕಾಮೊಟೊ. ಪ್ರೊಡ್ಯೂಸರ್ ಎಂದಾಕ್ಷಣ ನಮಗೆ ದುಡ್ಡು ಹಾಕುವ ಸಿನಿಮಾ ನಿರ್ಮಾಪಕ ನೆನಪಾಗುತ್ತಾನೆ. ಇಲ್ಲಿ ಹಾಗಲ್ಲ. ಯಾವ ಆಟ ಮಾಡಬೇಕು, ಯಾರ ಕೈಲಿ ಮಾಡಿಸಬೇಕು, ಯಾವುದನ್ನು ಅರ್ಧಕ್ಕೇ ಬಿಡಬೇಕು ಎಂದು ತೀರ್ಮಾನಿಸುವವನು. ಒಕಾಮೊಟೊ 1961ರಲ್ಲಿ ಹುಟ್ಟಿದವನು, ಕೊನಾಮಿ ಕಂಪನಿಗೆ ಚಿತ್ರ ಬರೆಯುವ ಕೆಲಸಕ್ಕೆ ಸೇರಿದ. ಮೇಲಧಿಕಾರಿ ಕಾರು ಓಡಿಸುವ ಆಟ ಮಾಡು ಎಂದ. ಇವನಿಗೆ ವಿಮಾನದ ಆಟ ಮಾಡುವ ಆಸೆ. ಅಧಿಕಾರಿ ಬಂದಾಗ ಕಾರಿನ ಆಟ ಮಾಡುತ್ತಿರುವಂತೆ ನಟಿಸುತ್ತ, ಪ್ರೋಗ್ರಾಮರ್‌ಗೆ ಗುಟ್ಟಾಗಿ ಹೇಳಿಕೊಟ್ಟು ವಿಮಾನದ ಆಟವನ್ನೇ ಮಾಡಿಸಿದ. ಅದೇ ‘ಟೈಮ್ ಪೈಲಟ್’ (1982), ದೊಡ್ಡ ಗೆಲುವು. ಮರುವರ್ಷ ‘ಗೈರಸ್’. ಆಮೇಲೆ ಸಂಬಳದ ಜಗಳದಲ್ಲಿ ಕೊನಾಮಿಯಿಂದ ಹೊರಬಿದ್ದ. ಕ್ಯಾಪ್ಕಾಮ್ ಸೇರಿ 1984ರಲ್ಲಿ ಮಾಡಿದ್ದು ‘1942’. ಎರಡನೆಯ ಮಹಾಯುದ್ಧದ ಆಟ. ಆಡುವವನು ಅಮೆರಿಕದ ವಿಮಾನ ಓಡಿಸಿ ಜಪಾನಿನ ಪಡೆಯನ್ನು ಹೊಡೆದುರುಳಿಸಬೇಕು. ಪರದೇಶದ ಮಾರುಕಟ್ಟೆ ಬೇಕಾದಾಗ ಸ್ವದೇಶದ ವಿಮಾನಗಳೂ ಗುರಿಯಾಗುತ್ತವೆ. ಈ ಮನುಷ್ಯನೂ ಕೆಲವು ಕಡೆ ‘ಕಿಹಾಜಿ ಒಕಾಮೊಟೊ’ ಎಂಬ ಬೇರೆ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಾನೆ. 2003ರಲ್ಲಿ ಕ್ಯಾಪ್ಕಾಮ್ ಬಿಟ್ಟು ಗೇಮ್ ರಿಪಬ್ಲಿಕ್ ಎಂಬ ಸ್ವಂತ ಕಂಪನಿ ಕಟ್ಟಿದ, ಅದು 2011ರಲ್ಲಿ ಮುಳುಗಿತು, 2013ರಲ್ಲಿ ‘ಮಾನ್‌ಸ್ಟರ್ ಸ್ಟ್ರೈಕ್’ ಎಂಬ ಮೊಬೈಲ್ ಆಟದಿಂದ ಮತ್ತೆ ಎದ್ದ. ಇಷ್ಟೆಲ್ಲ ನಮಗೆ ತಿಳಿದಿರುವುದು ಅವನು ಬದುಕಿದ್ದು, ಸಂದರ್ಶನಗಳಲ್ಲಿ ಬಾಯಿಬಿಟ್ಟದ್ದರಿಂದ. ಆಟದ ಡಬ್ಬಿಯನ್ನೇ ನಂಬಿದ್ದರೆ ಅಡ್ಡಹೆಸರುಗಳಲ್ಲೇ ನಿಲ್ಲಬೇಕಿತ್ತು.

ಅಮೆರಿಕದಲ್ಲೂ ಇದೇ ಕಥೆ. ಅಟಾರಿ ಕಂಪನಿ ಆಟ ಬರೆದವರ ಹೆಸರು ಹಾಕುತ್ತಿರಲಿಲ್ಲ. ವಾರನ್ ರಾಬಿನೆಟ್ ಎಂಬವನು ತನ್ನ ‘ಅಡ್ವೆಂಚರ್’ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ, ಇದನ್ನು ಮಾಡಿದವನು ನಾನು ಎಂದು ಹೆಸರು ಬರೆದಿಟ್ಟ. ಯಾರಿಗೂ ಹೇಳಲಿಲ್ಲ. ಆಟ ಮಾರಾಟವಾಗಿ, ಅವನು ಕೆಲಸ ಬಿಟ್ಟ ಮೇಲೆ ಅದು ಬಯಲಾಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದು ಅಂಕಿತವಲ್ಲದೆ ಮತ್ತೇನು?

ಇನ್ನು ನಮ್ಮ ಕಡೆ ಬರೋಣ. ಕರ್ನಾಟಕದಲ್ಲಿ ಒಕಾಮೊಟೊನ ಹಾಗೆ ಆಟಗಳನ್ನೇ ವೃತ್ತಿ ಮಾಡಿಕೊಂಡವರು ಯಾರು ಎಂದರೆ ಮೊದಲು ಬರುವ ಹೆಸರು ರಾಜೇಶ್ ರಾವ್ ಅವರದು. 1997ರಲ್ಲಿ ಬೆಂಗಳೂರಿನಲ್ಲಿ ಅವರು ಧ್ರುವ ಇಂಟರ್ಯಾಕ್ಟಿವ್ ಶುರುಮಾಡಿದರು. ಭಾರತದ ಮೊದಲ ವಿಡಿಯೋ ಗೇಮ್ ಸ್ಟುಡಿಯೋಗಳ ಮಾತು ಬಂದಾಗ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆಗ ಮನೆಯಲ್ಲಿ ಕಂಪ್ಯೂಟರ್ ಇದ್ದವರೇ ಕಡಿಮೆ, ಆಟ ಕೊಳ್ಳುವವರು ಇನ್ನೂ ಕಡಿಮೆ. ಜಪಾನಿನಲ್ಲಿ ಬೀದಿಬೀದಿಗೆ ಆರ್ಕೇಡ್ ಇದ್ದು, ಅಲ್ಲಿ ಬಿದ್ದ ನಾಣ್ಯಗಳು ಒಕಾಮೊಟೊನಂಥವರನ್ನು ಸಾಕಿದವು. ನಮ್ಮ ಜಾತ್ರೆಯ ಶೆಡ್ಡಿನಲ್ಲಿ ಬಿದ್ದ ನಾಣ್ಯ ಬೆಂಗಳೂರಿಗೆ ಹೋಗುವ ದಾರಿಯೇ ಇರಲಿಲ್ಲ. ಹಾಗಾಗಿ ಧ್ರುವ ಹೊರದೇಶದ ಕೆಲಸ ಹಿಡಿಯಬೇಕಾಯಿತು.

ಮೊದಲ ದೊಡ್ಡ ಕೆಲಸ ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಯದು: ‘ಮಿಷನ್ ಇಂಪಾಸಿಬಲ್’ ಆಟದ ಪಿಸಿ ಆವೃತ್ತಿ. ಆ ಪಿಸಿ ಆವೃತ್ತಿ ಅಂಗಡಿಗೆ ಬರಲೇ ಇಲ್ಲ. ಹೊಸ ಸ್ಟುಡಿಯೋಗೆ ಇದಕ್ಕಿಂತ ದೊಡ್ಡ ಪೆಟ್ಟು ಇರಲಾರದು. ಆಮೇಲೆ ಅವರು ಬಹುಮಟ್ಟಿಗೆ ಚಿತ್ರಕೆಲಸಕ್ಕೆ ತಿರುಗಿದರು. ಆಟದೊಳಗಿನ ಕಾರು, ಕಟ್ಟಡ, ಮರ, ಮನುಷ್ಯ ಇವನ್ನೆಲ್ಲ ಮೂರು ಆಯಾಮದಲ್ಲಿ ಕಟ್ಟಿಕೊಡುವ ಕೆಲಸ. ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಆಟಗಳ ಕಾರುಗಳಲ್ಲಿ ಬೆಂಗಳೂರಿನ ಈ ಕೈಗಳ ಪಾಲಿದೆ. ತಾಮಸ್ ಫ್ರೀಡ್‌ಮನ್ 2005ರಲ್ಲಿ ಬರೆದ ‘ದ ವರ್ಲ್ಡ್ ಈಸ್ ಫ್ಲ್ಯಾಟ್’ ಪುಸ್ತಕದಲ್ಲಿ ರಾಜೇಶ್ ರಾವ್ ಒಂದು ಪಾತ್ರ. ಅಲ್ಲಿ ನನ್ನ ಗಮನ ಸೆಳೆದ ಸಂಗತಿ ಚಿಕ್ಕದು. ಮೊಬೈಲ್ ಆಟಗಳಲ್ಲಿ ಚಾರ್ಲಿ ಚಾಪ್ಲಿನ್ನನ ರೂಪ ಬಳಸುವ ಹಕ್ಕನ್ನು ಧ್ರುವ ಪಡೆದುಕೊಂಡಿತ್ತು. ಜಗತ್ತಿನ ಅತಿ ಪರಿಚಿತ ಮುಖವೊಂದು ಬೆಂಗಳೂರಿನಲ್ಲಿತ್ತು. ಅದನ್ನು ಕುಣಿಸಿದವರ ಮುಖ ಯಾರಿಗೂ ತಿಳಿಯದು.

ಇಲ್ಲಿ ರಾಜೇಶ್ ರಾವ್ ಅವರ ಬಗ್ಗೆ ಅನ್ಯಾಯದ ಮಾತು ಆಡಬಾರದು. ಸ್ವಂತ ಸ್ಟುಡಿಯೋ ನಡೆಸುತ್ತ, ನಾಸ್ಕಾಮ್ ಮೂಲಕ ದೇಶದ ಆಟ ತಯಾರಕರನ್ನು ಒಂದೆಡೆ ಸೇರಿಸಲು ಅವರು ದುಡಿದವರು. ಒಕಾಮೊಟೊಗೆ ಅಂಥ ಹೊರೆ ಇರಲಿಲ್ಲ. ಅವನು ಹುಟ್ಟುವಾಗಲೇ ಅಲ್ಲಿ ಕೊನಾಮಿಯಂಥ ಕಂಪನಿಗಳಿಗೆ ಬೇಕಾದ ನೆಲ ಹದವಾಗುತ್ತಿತ್ತು. ಇವರು ಆಟದ ಜೊತೆಗೆ ಆಟದ ಅಂಗಳವನ್ನೂ ಸಾರಿಸಬೇಕಾಯಿತು. 2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಧ್ರುವವನ್ನು ಕೊಳ್ಳಲು ಮುಂದಾಯಿತು. ಆ ಕಂಪನಿಯೇ ಹಣದ ಮುಗ್ಗಟ್ಟಿಗೆ ಸಿಕ್ಕಿ, 2019ರ ಮೇ ತಿಂಗಳಲ್ಲಿ ತನ್ನ ಪಾಲನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್‌ಗೆ ಮಾರಿತು. ನಮ್ಮ ಪೀಳಿಗೆ ನೆಟ್ ಸೆಂಟರಿನಲ್ಲಿ ಗಂಟೆಗೆ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಆಡಿದ ‘ವೈಸ್ ಸಿಟಿ’ಯ ಕಂಪನಿ ಅದೇ. ಧ್ರುವದ ಜನ ರಾಕ್‌ಸ್ಟಾರ್ ಇಂಡಿಯಾದಲ್ಲಿ ಸೇರಿಹೋದರು. ಕದಲದ ನಕ್ಷತ್ರದ ಹೆಸರಿಟ್ಟುಕೊಂಡ ಕಂಪನಿಯ ಫಲಕ ಇಪ್ಪತ್ತೆರಡು ವರ್ಷಕ್ಕೆ ಇಳಿಯಿತು.

ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್‌ಗಳಿಗೆ 2012ರಲ್ಲೇ ಪ್ರತ್ಯೇಕ ನೀತಿ ತಂದಿತ್ತು, ದೇಶದಲ್ಲೇ ಮೊದಲು. ನೀತಿಯ ಭಾಷೆ ಉದ್ಯೋಗದ ಲೆಕ್ಕದ್ದು. ತಪ್ಪೇನಲ್ಲ, ಅದೇ ಲೆಕ್ಕದಲ್ಲಿ ನಮ್ಮ ಕಾಕಾನ ಮಗನಿಗೂ ಕೆಲಸ ಸಿಕ್ಕಿತು.

ಹೌದು, ಮೂರು ಅಕ್ಷರ ಬರೆದ ಅದೇ ಹುಡುಗ. ಬಿಎಫ್‌ಎ ಓದಿ, ಈಗ ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ (ಮೇಲೆ ಹೇಳಿದ ಯಾವುದೂ ಅಲ್ಲ) ಕಾರಿನ ಗಾಲಿಗಳನ್ನು ಕಟ್ಟುತ್ತಾನೆ. ರಿಮ್ಮು, ನಟ್ಟು, ಬ್ರೇಕಿನ ತಟ್ಟೆ, ಟಯರಿನ ಗೀರು. ನೂರಾರು ಫೋಟೋ ಮುಂದಿಟ್ಟುಕೊಂಡು ಒಂದೊಂದೇ ಮೂಲೆ ಅಳೆಯುತ್ತಾನೆ. ಹೋದ ಕಾರಹುಣ್ಣಿಮೆಗೆ ಊರಿಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಅವನು ಕೆಲಸ ಮಾಡಿದ ಆಟ ಇತ್ತು. ಆಟ ಮಾಡಿದವರ ಹೆಸರುಗಳ ಪಟ್ಟಿ ಕೆಳಗಿನಿಂದ ಮೇಲೆ ಏರತೊಡಗಿತು. ಕಾಕು ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಕೂತಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಮಗನ ಹೆಸರಿನ ಆಕಾರ ಗೊತ್ತು.

“ಬಂತೇನೋ?”

“ಇಲ್ಲಬೇ, ಇನ್ನ ಮುಂದದ.”

ಕಾಲು ಗಂಟೆ ಕಳೆಯಿತು. ಅವನ ಸ್ಟುಡಿಯೋದ ಹೆಸರು ಒಂದು ಸಾಲಿನಲ್ಲಿ ಬಂದು ಹೋಯಿತು. ಕೆಳಗೆ ಯಾರ ಹೆಸರೂ ಇರಲಿಲ್ಲ. ಹೊರಗೆ ಕರಿ ಹರಿಯುವ ಗದ್ದಲ. ಓಡಿದ ಹೋರಿ ಯಾರ ಮನೆಯದೆಂದು ವರ್ಷಗಟ್ಟಲೆ ನೆನಪಿಡುವ ಊರು ನಮ್ಮದು.

“ಇಷ್ಟ್ ಮಂದಿ ಹೆಸರ ಹಾಕ್ಯಾರ. ನಿಂದೊಂದ್ ಹಾಕಿದ್ರ ಅವರ ಗಂಟೇನ್ ಹೋಗ್ತಿತ್ತು?” ಎಂದು ಕಾಕು ಎದ್ದು ಒಳಗೆ ಹೋದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತ್ತು.

ಅವನು ಏನೂ ಅನ್ನದೆ ಆಟ ತೆರೆದು, ಒಂದು ಕಾರನ್ನು ನಿಲ್ಲಿಸಿ, ಗಾಲಿಯ ಹತ್ತಿರ ಹೋದ. ಬ್ರೇಕಿನ ತಟ್ಟೆಯ ಮೇಲೆ ಸಣ್ಣ ತುಕ್ಕಿನ ಕಲೆ ಇತ್ತು. “ಇದನ್ನ ಮಾಡಾಕ ಎರಡ ದಿನ ಹಿಡೀತಣ್ಣಾ,” ಎಂದ. ನಾನು ಟಿಪ್ಪಣಿ ಪುಸ್ತಕ ತೆಗೆದು ಆಟದ ಹೆಸರು, ಕಾರಿನ ಹೆಸರು, ತಾರೀಖು, ಅವನ ಪೂರ್ತಿ ಹೆಸರು ಬರೆದುಕೊಂಡೆ. ಇದರ ಬಗ್ಗೆ ಒಂದು ಲೇಖನ ಬರೆಯಲೇ ಎಂದು ಕೇಳಿದೆ.

“ಬರೀ. ಆದ್ರ ನನ್ನ ಹೆಸರ ಬ್ಯಾಡ, ಆಟದ್ದೂ ಬ್ಯಾಡ. ಸೇರೂ ಮುಂದ ಕಾಗದಕ್ಕ ಸಹಿ ಹಾಕೇನಿ.”